ಅಬಾಹ್‌ಗೆ ಏನಾಗಿತ್ತು?

ಕ್ವಾಂತಾನ್, ಶಾಲೆಯ ಹಾಸ್ಟೆಲ್
11 ಜೂನ್ 2023

ಮಾಕ್, ಅಸ್ಸಲಾಮು ಅಲೈಕುಂ.

ಮೊದಲು ಒಳ್ಳೆಯ ಸುದ್ದಿ. ಶಾಲೆಯ ಹಗ್ಗಜಗ್ಗಾಟದ ತಂಡದಲ್ಲಿ ಕೊನೆಯ ಜಾಗ ನನಗೆ ಸಿಕ್ಕಿದೆ. ಕೊನೆಯದು ಅಂದರೆ ಕಡೆಗಣಿಸಿದ ಜಾಗ ಅಂದುಕೊಳ್ಳಬೇಡಿ. ಹಗ್ಗವನ್ನು ಬೆನ್ನ ಮೇಲಿಂದ ತಂದು ಕಂಕುಳಡಿ ಹಾಯಿಸಿ, ಹಿಮ್ಮಡಿ ನೆಲಕ್ಕೆ ಊರಿ, ಮುಂದಿನ ಏಳು ಜನರನ್ನು ಹಿಡಿದು ನಿಲ್ಲಿಸುವವಳು ಆ ಕೊನೆಯವಳೇ. ನಮಗೆ ಕಲಿಸುವ ಚಿಕ್‌ಗು ನಾಝಿರಾ ಎಲ್ಲರೆದುರು, "ಮೆಲೂರ್ ನಿಂತ್ರೆ ನಿಂತಂಗೆ, ಲಾರಿ ಕಟ್ಟಿ ಎಳೆದ್ರೂ ಕದಲಲ್ಲ" ಅಂದರು. ನನ್ನ ಎಪ್ಪತ್ತೆಂಟು ಕಿಲೋ ತೂಕವನ್ನು ಒಬ್ಬರು ಹೊಗಳಿದ್ದು ಹದಿನೈದು ವರ್ಷದಲ್ಲಿ ಇದೇ ಮೊದಲು. ಆ ದಿನವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದೆ.

ಈಗ ಇನ್ನೊಂದು ಸುದ್ದಿ. ವಾರದ ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ, ಹಿಂದೆ ಹನ್ನೆರಡು ಹುಡುಗಿಯರು ಕಿವಿ ನಿಮಿರಿಸಿಕೊಂಡು ಸಾಲುಗಟ್ಟಿರುತ್ತಾರೆ. ಆಟಕ್ಕೆ ಮೊದಲು ತಂಡಕ್ಕೆಲ್ಲ ಆರೋಗ್ಯ ತಪಾಸಣೆ ಮಾಡಿಸಿದರು. ನನ್ನ ರಕ್ತವನ್ನು ಮಾತ್ರ ಎರಡು ಸಲ ತೆಗೆದರು. ಆಮೇಲೆ ವಾರ್ಡನ್ ಜೊತೆ ಆಸ್ಪತ್ರೆಗೆ ಕಳಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ಲಿ ಬಳಿದು ಸ್ಕ್ಯಾನ್ ಮಾಡಿದರು. ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆಯಂತೆ. ಫ್ಯಾಟಿ ಲಿವರ್ ಅನ್ನುತ್ತಾರೆ. ನನಗೆ ನೋವಿಲ್ಲ, ಸುಸ್ತಿಲ್ಲ. ಡಾಕ್ಟರ್ ತವಮಣಿ ಅಂತ ಒಬ್ಬರು, ನಿಮ್ಮ ವಯಸ್ಸಿನವರು, ನನ್ನ ತಲೆವಸ್ತ್ರವನ್ನು ಸ್ವಲ್ಪ ಸರಿಸಿ ಕುತ್ತಿಗೆ ನೋಡಿದರು. ಹಿಂದುಗಡೆಯ ಆ ಕಪ್ಪು ಪಟ್ಟಿ ಇದೆಯಲ್ಲ, ಪ್ರತಿ ಹರಿ ರಾಯಾ ಹಬ್ಬಕ್ಕೆ ಮುಂಚೆ ನೀವು ನಿಂಬೆಹಣ್ಣು, ಅಕ್ಕಿಹಿಟ್ಟು ಹಾಕಿ ಚರ್ಮ ಕಿತ್ತು ಬರುವಂತೆ ಉಜ್ಜುವ ಪಟ್ಟಿ. ಅದು ಕೊಳೆ ಅಲ್ಲವಂತೆ ಮಾಕ್. ಮೈಯಲ್ಲಿ ಸಕ್ಕರೆ ಸರಿಯಾಗಿ ಬಳಕೆಯಾಗುತ್ತಿಲ್ಲ ಅನ್ನುವುದರ ಗುರುತಂತೆ.

ಒಂದು ಫಾರಂ ಕೊಟ್ಟಿದ್ದಾರೆ. ಆಗಸ್ಟ್ ಮೂವತ್ತಕ್ಕೆ ತುಂಬಿಕೊಂಡು ಹೋಗಬೇಕು. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಲಿವರ್ ಕಾಯಿಲೆ, ತೀರಿಕೊಂಡವರಿದ್ದರೆ ಯಾವುದರಿಂದ, ಎಲ್ಲ ಬರೆಯಬೇಕು. ತಂದೆ ಅನ್ನುವ ಸಾಲಿನಲ್ಲಿ, ಅಬಾಹ್ ಹೆಸರಿನ ಮುಂದೆ ಏನು ಬರೆಯಲಿ? ನೀವು ಯಾವಾಗಲೂ ಹೊಟ್ಟೆಯ ಕಾಯಿಲೆ ಅನ್ನುತ್ತೀರಿ. ಡಾಕ್ಟರಿಗೆ ಅಷ್ಟು ಸಾಲದಂತೆ.

ತಂಗಿ ಚೆಂಪಕಾಳಿಗೆ ನನ್ನ ಮುತ್ತು.

ನಿಮ್ಮ ಹಿರಿಮಗಳು,
ಮೆಲೂರ್


ಕೋಟಾ ಬಾರು
20 ಜೂನ್ 2023

ಮಗಳೇ,

ನಿನ್ನ ಕಾಗದವನ್ನು ಅಂಗಡಿಯ ಹಿಂದೆ ಕೂತು ಓದಿದೆ. ಓದುವಷ್ಟರಲ್ಲಿ ಒಂದು ಬಾಣಲೆ ಅಕೋಕ್ ಸೀದುಹೋಯಿತು. ಮೇಲೂ ಕೆಂಡ, ಕೆಳಗೂ ಕೆಂಡ ಇಟ್ಟು ಬೇಯಿಸುವ ತಿಂಡಿ, ಮನಸ್ಸು ಎಲ್ಲೋ ಹೋದರೆ ಅದು ಕಾಯುವುದಿಲ್ಲ.

ಹಗ್ಗದ ಸುದ್ದಿಗೆ ನನಗೆ ಬಹಳ ಹೆಮ್ಮೆಯಾಯಿತು. ಎದುರಿನ ಮೀನಂಗಡಿಯವಳಿಂದ ಹಿಡಿದು ತೂಕದ ಯಂತ್ರ ರಿಪೇರಿ ಮಾಡುವವನವರೆಗೆ ಎಲ್ಲರಿಗೂ ಹೇಳಿದೆ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ. ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್ ಅನ್ನು. ಲಿವರ್ ಅನ್ನುವ ಪದ ನಿನ್ನ ಬಾಯಿಂದ ಬರಕೂಡದು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ, ತಾಯಿ ಕೇಳದೆ ಇನ್ನು ಯಾರು ಕೇಳಬೇಕು. ಹಾಸ್ಟೆಲ್‌ನಲ್ಲಿ ಪಟ್ಟಣದ ಹುಡುಗಿಯರಿರುತ್ತಾರೆ. ಯಾರಾದರೂ ನಿನಗೆ ಕುಡಿಯಬಾರದ್ದನ್ನು ಕುಡಿಸಿದರಾ? ಒಂದೇ ಒಂದು ಸಲವಾದರೂ? ನಿಜ ಹೇಳು. ನಾನು ಬೈಯುವುದಿಲ್ಲ.

ಇನ್ನು ನಿನ್ನ ಡಾಕ್ಟರ್ ಹೇಳುವ ಸಕ್ಕರೆಯ ವಿಷಯ. ನಾನು ಇಪ್ಪತ್ತೆರಡು ವರ್ಷದಿಂದ ಬಾತುಕೋಳಿ ಮೊಟ್ಟೆ, ತಾಳೆಬೆಲ್ಲ ಹಾಕಿ ಅಕೋಕ್ ಮಾಡುತ್ತಿದ್ದೇನೆ. ಅದನ್ನು ತಿಂದು ಇಲ್ಲಿವರೆಗೆ ಯಾರೂ

ಈ ಸಾಲು ಬೇಡ, ಬಿಡು.

ಬಸ್ಸಿನಲ್ಲಿ ಪಾಕ್ ದೆರಿಸ್ ಕೈಯಲ್ಲಿ ಡಬ್ಬಿ ಕಳಿಸಿದ್ದೇನೆ. ನಿನ್ನ ಅಬಾಹ್ ಇದ್ದಾಗ ಇಬ್ಬರೂ ಅದೇ ದಾರಿಯಲ್ಲಿ ಬಸ್ ಓಡಿಸುತ್ತಿದ್ದರು, ಅವರಿಗೆ ನಾನು ಹೇಳಬೇಕಾಗಿಲ್ಲ, ನಿಲ್ದಾಣದಲ್ಲಿ ನಿನಗಾಗಿ ಕಾಯುತ್ತಾರೆ. ಗೆಳತಿಯರಿಗೂ ಕೊಟ್ಟು ತಿನ್ನು. ಫಾರಂನಲ್ಲಿ ಹೊಟ್ಟೆಯ ಕಾಯಿಲೆ ಎಂದೇ ಬರೆ. ಅಷ್ಟು ಸಾಕು.

ಮಾಕ್


ಕ್ವಾಂತಾನ್
2 ಜುಲೈ 2023

ಮಾಕ್,

ಕುಡಿದಿದ್ದೇನೆ. ನೀವು ಕೇಳಿದಿರಲ್ಲ, ಲೆಕ್ಕ ಒಪ್ಪಿಸುತ್ತೇನೆ. ಬೆಳಗ್ಗೆ ಊಟದ ಮನೆಯಲ್ಲಿ ಸಿಹಿ ಗಟ್ಟಿಹಾಲು ಸುರಿದ ಚಹಾ. ಮಧ್ಯಾಹ್ನ ಕೆಂಪು ಸಿರಪ್, ಸೆಕೆ ಇದ್ದರೆ ಎರಡು ಲೋಟ. ಸಂಜೆ ಕ್ಯಾಂಟೀನಿನಲ್ಲಿ ಐಸ್ ಹಾಕಿದ ಚಾಕೊಲೇಟ್ ಹಾಲು. ಓದುವ ಹೊತ್ತಿನಲ್ಲಿ ಎದ್ದಿರಲು ಡಬ್ಬಿಯ ಕಾಫಿ. ರಜೆಯಲ್ಲಿ ಮನೆಗೆ ಬಂದರೆ ನೀವೇ ಪ್ಲಾಸ್ಟಿಕ್ ಚೀಲಕ್ಕೆ ಚಹಾ ಹೊಯ್ದು, ದಾರ ಕಟ್ಟಿ, ಸ್ಟ್ರಾ ಚುಚ್ಚಿ ಕೈಗಿಡುತ್ತೀರಿ. ಡಾಕ್ಟರ್ ಇವನ್ನೇ ಒಂದೊಂದಾಗಿ ಬರೆಸಿದರು. ನೀವು ಕೇಳಿದ ವಸ್ತುವಿನ ಬಗ್ಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿ ಮುಂದೆ ಹೋದರು. ನೀವು ಅನುಮಾನಪಟ್ಟೇ ಕೇಳಿದಿರಿ. ನನಗೆ ಅಳು ಬಂತು.

ನಾನು ಹೆದರಿ ಕೇಳಿದಾಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನೋಡಮ್ಮ, ಇದು ಕೆಟ್ಟ ಹುಡ್ಗೀರಿಗೆ ಬರೋ ಕಾಯ್ಲೆ ಅಲ್ಲ. ಈಗಿನ ಮಕ್ಕಳಲ್ಲಿ ತುಂಬಾ ನೋಡ್ತಿದೀನಿ. ನಿನ್ನ ವಯಸ್ಸಲ್ಲಿ ಸಿಕ್ರೆ ಹಿಂದಕ್ಕೆ ಕಳಿಸಬಹುದು." ಇದಕ್ಕೆಂದೇ ಮಾತ್ರೆ ಕೊಡಲಿಲ್ಲ, ಕಷಾಯ, ಗಿಡಮೂಲಿಕೆ ಅಂತ ಏನನ್ನೂ ಕೇಳದೆ ಕುಡಿಯಬೇಡ ಅಂದರು. ಸಿಹಿ ನೀರು ಬಿಡಬೇಕು, ಕರಿದದ್ದು ಕಡಿಮೆ ಮಾಡಬೇಕು, ದಿನಾ ಮೈ ಬೆವರಬೇಕು, ನಿದ್ದೆ ಕೆಡಬಾರದು. ಉಪವಾಸ ಬಿದ್ದು ಒಣಗಬಾರದು. ಹಗ್ಗ ಎಳೆಯಬಹುದಾ ಅಂದೆ. ಎಳಿ, ಚೆನ್ನಾಗಿ ಎಳಿ ಅಂದರು.

ಡಬ್ಬಿ ಬಂತು. ಒಂದೇ ಒಂದು ಅಕೋಕ್ ತಿಂದೆ. ಮಿಕ್ಕದ್ದು ಕೊಠಡಿಯವರು ಐದು ನಿಮಿಷದಲ್ಲಿ ಮುಗಿಸಿದರು. ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ಅಂದರು.

ಹೊಟ್ಟೆಯ ಕಾಯಿಲೆ ಎಂದು ನಾನು ಬರೆಯುವುದಿಲ್ಲ. ಆ ಸಾಲು ಖಾಲಿ ಬಿಟ್ಟಿದ್ದೇನೆ.

ಮೆಲೂರ್


ಕೋಟಾ ಬಾರು
30 ಜುಲೈ 2023

ಮಗಳೇ,

ತಡವಾಯಿತು. ಅಂಗಡಿಗೆ ಹೊಸ ತಗಡು ಹೊದಿಸಿದೆ. ಪಕ್ಕದ ಮನೆಯ ಬೆಕ್ಕು ನಮ್ಮ ಅಕ್ಕಿ ಡಬ್ಬದ ಹಿಂದೆ ನಾಲ್ಕು ಮರಿ ಹಾಕಿದೆ. ಚೆಂಪಕಾ ನಾಲ್ಕಕ್ಕೂ ಹೆಸರಿಟ್ಟಿದ್ದಾಳೆ, ಒಂದಕ್ಕೆ ನಿನ್ನ ಹೆಸರು, ಯಾಕೆಂದರೆ ಅದು ಎಲ್ಲಕ್ಕಿಂತ ದಪ್ಪವಾಗಿದೆ. ನಾನು ಬೈದೆ.

ಈ ಸಲ ಡಬ್ಬಿಯಲ್ಲಿ ಸಿಹಿ ಇಲ್ಲ. ಒಲೆಯಲ್ಲಿ ಸುಟ್ಟ ಮೀನು, ಮೀನು ಹುಳಿಸಿ ಮಾಡಿದ ಬುದು ಒಂದು ಸೀಸೆ, ಅದಕ್ಕೆ ಅದ್ದಿಕೊಂಡು ತಿನ್ನಲು ಹಸಿ ಸೊಪ್ಪು, ಎಳೆ ಅಲಸಂದೆ, ಸೌತೆಕಾಯಿ. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ. ಬುದು ವಾಸನೆಗೆ ವಾರ್ಡನ್ ಮೂಗು ಮುರಿದರೆ ಅವರಿಗೂ ಒಂದು ತುತ್ತು ಕೊಡು, ಬಾಯಿ ಮುಚ್ಚಿಕೊಳ್ಳುತ್ತಾರೆ.

ಚೆಂಪಕಾಳ ಜಡೆ ಹೆಣೆಯುವಾಗ ಅವಳ ಕುತ್ತಿಗೆ ನೋಡಿದೆ. ದೀಪದ ಹತ್ತಿರ ಕರೆದುಕೊಂಡು ಹೋಗಿ ಮತ್ತೆ ನೋಡಿದೆ. ಏನೂ ಕಾಣಲಿಲ್ಲ. ನಿನ್ನ ಕುತ್ತಿಗೆಯನ್ನು ಅಷ್ಟು ಉಜ್ಜಬಾರದಿತ್ತು. ಅತ್ತರೂ ಬಿಡುತ್ತಿರಲಿಲ್ಲ ನಾನು.

ಬೇರೆ ಏನೂ ವಿಶೇಷವಿಲ್ಲ.

ಮಾಕ್


ಕ್ವಾಂತಾನ್
13 ಆಗಸ್ಟ್ 2023

ಮಾಕ್,

ರಾಜ್ಯಮಟ್ಟದಲ್ಲಿ ಎರಡನೇ ಸ್ಥಾನ! ಫೈನಲ್‌ನಲ್ಲಿ ಸೋತೆವು, ಆದರೆ ಮೂರನೇ ಎಳೆತದವರೆಗೂ ಒಯ್ದೆವು. ನನ್ನ ಅಂಗೈ ಸಿಪ್ಪೆ ಎದ್ದಿದೆ. ಬೆಳ್ಳಿ ಪದಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೇನೆ.

ನಾನು ಮೂರು ಕಿಲೋ ಇಳಿದಿದ್ದೆ. ಜಾಗ ಹೋಗುತ್ತದೆ ಎಂದು ಹೆದರಿ ಚಿಕ್‌ಗು ನಾಝಿರಾಗೆ ಹೇಳದೆ ಮುಚ್ಚಿಟ್ಟಿದ್ದೆ. ತೂಕದ ದಿನ ಗೊತ್ತಾಯಿತು. ಎಂಟು ಜನರ ಒಟ್ಟು ತೂಕಕ್ಕೆ ಒಂದು ಮಿತಿ ಇರುತ್ತದೆ, ನಾನು ಇಳಿದದ್ದರಿಂದ ಹೊರಗುಳಿಯಬೇಕಿದ್ದ ಗಟ್ಟಿ ಹುಡುಗಿಯೊಬ್ಬಳಿಗೆ ನಡುವೆ ಜಾಗವಾಯಿತು. ಚಿಕ್‌ಗು ನಕ್ಕು, ಹಗ್ಗ ಹಿಡಿಯೋದು ಹೊಟ್ಟೆಯಲ್ಲ, ಹಿಮ್ಮಡಿ ಮತ್ತು ಬೆನ್ನು ಅಂದರು. ನಾನು ಇನ್ನೂ ಕೊನೆಯವಳೇ.

ಡಬ್ಬಿ ತರಲು ಬಸ್ ನಿಲ್ದಾಣಕ್ಕೆ ಹೋಗಿದ್ದಾಗ ಪಾಕ್ ದೆರಿಸ್ ಪದಕ ನೋಡಿ ಕಣ್ಣೊರೆಸಿಕೊಂಡರು. ಅಬಾಹ್ ಇದ್ದಿದ್ದರೆ ಬಸ್ಸಿನ ತುಂಬ ಹೇಳಿಕೊಂಡು ಹೋಗುತ್ತಿದ್ದರು ಅಂದರು. ಆಮೇಲೆ, "ನಿಮ್ಮಪ್ಪನ ಬಗ್ಗೆ ಜನ ಏನೇ ಅಂದ್ರೂ ನಾನು ಒಂದು ದಿನಾನೂ ನಂಬ್ಲಿಲ್ಲ ಮಗ" ಅಂದರು. ಏನಂದರು ಅಂತ ಕೇಳಿದೆ. ಬಸ್ ಹೊರಡುವ ಹೊತ್ತಾಯಿತು ಎಂದು ಎದ್ದುಹೋದರು. ಇನ್ನೂ ನಲವತ್ತು ನಿಮಿಷ ಇತ್ತು.

ಜನ ಏನಂದಿದ್ದರು ಮಾಕ್?

ಮೂವತ್ತಕ್ಕೆ ಆಸ್ಪತ್ರೆ. ಆ ಸಾಲು ಇನ್ನೂ ಖಾಲಿ ಇದೆ. ಅದು ಅಬಾಹ್‌ನ ವಿಷಯ ಮಾತ್ರವಾಗಿದ್ದರೆ ನಾನು ಕೇಳುತ್ತಿರಲಿಲ್ಲ. ಈಗ ಅದು ನನ್ನ ಹೊಟ್ಟೆಯೊಳಗಿನ ವಿಷಯವೂ ಹೌದು.

ಮೆಲೂರ್


ಕೋಟಾ ಬಾರು
24 ಆಗಸ್ಟ್ 2023

ಮೆಲೂರ್, ನನ್ನ ಕಂದ,

ಅಂಚೆಗೆ ಹಾಕಿದರೆ ಮೂವತ್ತರೊಳಗೆ ತಲುಪುತ್ತದೋ ಇಲ್ಲವೋ, ಅದಕ್ಕೆ ಪಾಕ್ ದೆರಿಸ್ ಕೈಯಲ್ಲೇ ಕೊಟ್ಟಿದ್ದೇನೆ. ನಾನೇ ಬರಬೇಕಿತ್ತು. ಆ ಬಸ್ಸಿನಲ್ಲಿ ಡ್ರೈವರ್ ಸೀಟಿನಲ್ಲಿ ಬೇರೆಯವರು ಕೂತಿರುವುದನ್ನು ನೋಡಿಕೊಂಡು ಆರು ಗಂಟೆ ಕೂರಲು ನನ್ನಿಂದ ಇನ್ನೂ ಆಗುವುದಿಲ್ಲ.

ಈಗ ಹೇಳುತ್ತೇನೆ. ಒಂದೇ ಸಲ ಹೇಳುತ್ತೇನೆ.

ನಿನ್ನ ಅಬಾಹ್ ತೀರಿಕೊಂಡದ್ದು ಲಿವರ್‌ನಿಂದ. ಅದು ಗಟ್ಟಿಕಟ್ಟಿ ಕೆಲಸ ನಿಲ್ಲಿಸಿತ್ತು. ಆಸ್ಪತ್ರೆಯ ಕಾಗದದಲ್ಲಿ ಸಿರೋಸಿಸ್ ಎಂದಿದೆ, ಅದನ್ನು ನನ್ನ ಮದುವೆಯ ಬಟ್ಟೆ ಇಟ್ಟಿರುವ ಆ ಹಳೆಯ ತಗಡಿನ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಅವರಿಗೆ ನಲವತ್ತೆರಡು ವರ್ಷ. ಸಕ್ಕರೆ ಕಾಯಿಲೆಯೂ ಇತ್ತು, ಮಾತ್ರೆ ಒಂದು ದಿನ ನುಂಗಿದರೆ ನಾಲ್ಕು ದಿನ ಮರೆಯುವರು. ದಿನವಿಡೀ ಕೂತೇ ಮಾಡುವ ಕೆಲಸ, ನಿಂತ ಕಡೆಯೆಲ್ಲ ಗಟ್ಟಿಹಾಲಿನ ಚಹಾ. ನಿದ್ದೆ ಬಾರದಿರಲಿ ಎಂದು ಕುಡಿಯುತ್ತಿದ್ದರು, ಐವತ್ತು ಜನರ ಪ್ರಾಣ ಕೈಯಲ್ಲಿರುತ್ತದೆ ಎನ್ನುತ್ತಿದ್ದರು. ಒಂದು ದಿನವೂ ಬಸ್ಸಿಗೆ ಒಂದು ಗೀರು ಬೀಳಿಸಲಿಲ್ಲ.

ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ಕಲ್ಸೋಮ್ ಗೊತ್ತಲ್ಲ, ನಮ್ಮ ಓಣಿಯ ಪುಟ್ಟ ಮಸೀದಿ ಸುರಾವ್‌ನ ಹಿಂದಿನ ಮನೆಯವಳು, ಅವಳ ಮಗ ಆಗ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಕಾಯಿಲೆಯ ಹೆಸರು ನಮಗಿಂತ ಮೊದಲು ಓಣಿಗೆ ಗೊತ್ತಾಯಿತು. ಅದು ಕುಡುಕರಿಗೆ ಬರುವ ಕಾಯಿಲೆ ಎಂದರು. ಊರೂರು ತಿರುಗುವ ಡ್ರೈವರು, ಯಾವ ಊರಿನಲ್ಲಿ ಏನು ಮಾಡುತ್ತಿದ್ದನೋ ಯಾರು ಕಂಡಿದ್ದಾರೆ ಎಂದರು. ನಿನ್ನ ಅಬಾಹ್ ರಜೆಯ ದಿನ ಸುರಾವ್‌ನಲ್ಲಿ ಆಜಾನ್ ಕೂಗುತ್ತಿದ್ದದ್ದು ನಿನಗೆ ನೆನಪಿರಬೇಕು. ಕೂಗಬೇಡ ಎಂದು ಯಾರೂ ಹೇಳಲಿಲ್ಲ. ಕೂಗು ಬಾ ಎಂದೂ ಯಾರೂ ಕರೆಯಲಿಲ್ಲ. ಅವರಾಗಿಯೇ ಮನೆಯಲ್ಲಿ ನಮಾಜು ಮಾಡತೊಡಗಿದರು.

ಇಷ್ಟೇ ಆಗಿದ್ದರೆ ನಾನು ನಿನಗೆ ಎಂದೋ ಹೇಳಿಬಿಡುತ್ತಿದ್ದೆ. ಊರಿನ ಬಾಯಿಗೆ ನಾನು ಹೆದರುವವಳಲ್ಲ. ಹೇಳದೆ ಇದ್ದದ್ದಕ್ಕೆ ಕಾರಣ ಬೇರೆ.

ಒಂದು ಮಧ್ಯಾಹ್ನ ಅವರು ಗಂಜಿ ಕುಡಿಯುತ್ತಾ ಕೂತಿದ್ದರು. ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ನಾನು ಕೇಳಿದೆ. "ನಿಜ ಹೇಳಿ. ದಾರೀಲಿ ಯಾವತ್ತಾದ್ರೂ ಕುಡಿದಿದ್ರಾ?"

ಅವರು ಚಮಚ ಕೆಳಗಿಟ್ಟರು. ನನ್ನನ್ನೇ ನೋಡಿದರು. "ತೋನ್, ನೀನೂನಾ?" ಅಂದರು.

ಅಷ್ಟೇ. ಆಮೇಲೆ ಇಪ್ಪತ್ತಾರು ದಿನ ಬದುಕಿದ್ದರು. ನಾನು ಮೈ ಒರೆಸಿದೆ, ಬಟ್ಟೆ ಬದಲಿಸಿದೆ, ಕಾಲೊತ್ತಿದೆ. ಅವರು ಒಂದು ಬಿರುಸು ಮಾತು ಆಡಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಇವತ್ತು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದು ಇಪ್ಪತ್ತಾರು ದಿನ ಹೋದವು.

ಅದೇ ಪ್ರಶ್ನೆಯನ್ನು ಜೂನ್‌ನಲ್ಲಿ ನಿನಗೂ ಕೇಳಿದೆ. ಹದಿನೈದು ವರ್ಷದ ಮಗುವಿಗೆ. ನಿನ್ನ ಉತ್ತರ ಬಂದ ದಿನ ಅಂಗಡಿ ತೆರೆಯಲಿಲ್ಲ.

ಫಾರಂನಲ್ಲಿ ಇದ್ದದ್ದನ್ನೆಲ್ಲ ಬರೆ. ಏನನ್ನೂ ಮುಚ್ಚಬೇಡ.

ಮಾಕ್


ಕ್ವಾಂತಾನ್
3 ಸೆಪ್ಟೆಂಬರ್ 2023

ಮಾಕ್,

ನಿಮ್ಮ ಮೇಲೆ ಮೂರು ದಿನ ಸಿಟ್ಟಿತ್ತು. ಸುಳ್ಳು ಹೇಳುವುದಿಲ್ಲ. ನಾಲ್ಕನೇ ದಿನ ಆ ಇಪ್ಪತ್ತಾರು ದಿನಗಳನ್ನು ನೆನೆದು ನಿಮ್ಮನ್ನು ತಬ್ಬಿಕೊಳ್ಳಬೇಕು ಅನಿಸಿತು, ನೀವು ಇಲ್ಲಿರಲಿಲ್ಲ.

ಫಾರಂ ತುಂಬಿದೆ. ನೀಲಿ ಶಾಯಿಯಲ್ಲಿ, ನನ್ನ ಪರೀಕ್ಷೆಯ ಅಕ್ಷರದಲ್ಲಿ. ಬಹರೋಮ್ ಬಿನ್ ಯೂಸುಫ್. ಲಿವರ್ ಸಿರೋಸಿಸ್. ನಲವತ್ತೆರಡು. ಸಕ್ಕರೆ ಕಾಯಿಲೆ: ಇತ್ತು. ಮದ್ಯ: ಇಲ್ಲ. ಆ 'ಇಲ್ಲ'ದ ಕೆಳಗೆ ಎರಡು ಗೆರೆ ಎಳೆದೆ.

ಡಾಕ್ಟರ್ ತವಮಣಿ ಓದಿ ಕನ್ನಡಕ ತೆಗೆದರು. ಅಬಾಹ್ ಹೇಗಿದ್ದರು, ಹೊಟ್ಟೆ ದಪ್ಪ ಇತ್ತೇ, ಎಷ್ಟು ಹೊತ್ತು ಕೂತಿರುತ್ತಿದ್ದರು, ಎಲ್ಲ ಕೇಳಿದರು. ನಿಮ್ಮ ಕಾಗದವನ್ನೇ ತೆಗೆದು ಓದಿ ಹೇಳಿದೆ, ಗಂಜಿಯ ಭಾಗ ಬಿಟ್ಟು. ಆಮೇಲೆ ಜನ ಹೇಳಿದ್ದನ್ನೂ ಹೇಳಿದೆ. ಆಗ ಅವರು ಹೀಗಂದರು: "ನಾನು ಅವ್ರನ್ನ ಪರೀಕ್ಷೆ ಮಾಡಿಲ್ಲ, ಆಣೆ ಇಟ್ಟು ಹೇಳಕ್ಕಾಗಲ್ಲ. ಆದ್ರೆ ಒಂದು ತೊಟ್ಟು ಕುಡೀದೆ ಇರೋರಿಗೂ ಲಿವರ್ ಹಿಂಗೇ ಗಟ್ಟಿಯಾಗತ್ತೆ. ಮೊದ್ಲು ಕೊಬ್ಬು, ಆಮೇಲೆ ಉರಿಯೂತ, ಆಮೇಲೆ ಇದು. ನೀನು ಹೇಳಿದ್ದೆಲ್ಲ ಕೇಳಿದ್ರೆ ನಂಗೆ ಮೊದ್ಲು ನೆನಪಾಗೋದು ಇದೇ. ಕುಡಿತ ಅಲ್ಲ."

ವಾರ್ಡನ್ ಪಕ್ಕದಲ್ಲೇ ಇದ್ದರು. ನಾನು ಎಲ್ಲರೆದುರು ಗಟ್ಟಿಯಾಗಿ ಅತ್ತೆ. ನಾಚಿಕೆಯಾಗಲಿಲ್ಲ. ಅಬಾಹ್ ನಿದ್ದೆ ತಡೆಯಲು ಚಹಾ ಕುಡಿದು, ಐವತ್ತು ಜನರನ್ನು ದಿನಾ ಮನೆ ತಲುಪಿಸಿದರು. ಅಂಥವರ ಮಗಳು ನಾನು. ಈ ಮಾತನ್ನು ಇಷ್ಟು ವರ್ಷ ಹೇಳಿಕೊಳ್ಳದೆ ಉಳಿದದ್ದಕ್ಕೆ ಈಗ ಸಂಕಟವಾಗುತ್ತದೆ.

ನನ್ನ ರಕ್ತದ ಅಂಕಿ ಇಳಿದಿದೆ. ಪೂರ್ತಿ ಸರಿಯಾಗಿಲ್ಲ, ದಾರಿ ಸರಿಯಾಗಿದೆಯಂತೆ. ನಿಮ್ಮದನ್ನೂ ಚೆಂಪಕಾಳದನ್ನೂ ನೋಡಿಸಲೇಬೇಕಂತೆ. ಇದು ಮನೆಮಂದಿಯಲ್ಲಿ ಹರಿದುಬರುವುದುಂಟು.

ಕೊಠಡಿಯ ಹುಡುಗಿಯರಿಗೆ ಲಿವರ್ ಎಂದೇ ಹೇಳಿದೆ. ಗ್ಯಾಸ್ಟ್ರಿಕ್ ಅನ್ನಲಿಲ್ಲ.

ನಿಮ್ಮ, ಅಬಾಹ್‌ನ
ಮೆಲೂರ್


ಕೋಟಾ ಬಾರು
1 ಅಕ್ಟೋಬರ್ 2023

ನನ್ನ ಮೆಲೂರ್,

ಪರೀಕ್ಷೆ ಮಾಡಿಸಿದೆವು. ಚೆಂಪಕಾಳಿಗೆ ಏನೂ ಇಲ್ಲ, ಅಲ್ಲಾಹನಿಗೆ ಕೃತಜ್ಞತೆ. ನನಗೆ ಸ್ವಲ್ಪ ಇದೆ. ಆದ್ದರಿಂದ ನಾವಿಬ್ಬರೂ ಈಗ ಒಂದೇ ತಂಡ, ಕೊನೆಯ ಜಾಗ ನಿನ್ನದೇ ಇರಲಿ. ಬೆಳಗ್ಗೆ ಅಂಗಡಿಗೆ ನಡೆದೇ ಹೋಗುತ್ತಿದ್ದೇನೆ. ಚಹಾಕ್ಕೆ ಗಟ್ಟಿಹಾಲು ಹಾಕುವುದನ್ನು ನಿಲ್ಲಿಸಿ ಹದಿನೆಂಟು ದಿನವಾಯಿತು, ದಿನಾ ಆ ಸಪ್ಪೆ ಚಹಾವನ್ನು ಬೈದುಕೊಂಡೇ ಕುಡಿಯುತ್ತೇನೆ. ಅಕೋಕ್ ಮಾಡುವುದನ್ನು ಬಿಡುವುದಿಲ್ಲ. ಆದರೆ ಪುಟ್ಟ ಮಕ್ಕಳು ಒಂದು ಡಜನ್ ಕೇಳಿದರೆ ಎರಡು ಕೊಟ್ಟು ಓಡಿಸುತ್ತೇನೆ. ತೋನ್‌ಗೆ ತಲೆ ಕೆಟ್ಟಿದೆ ಎಂದು ಮಾರುಕಟ್ಟೆಯೆಲ್ಲ ಮಾತಾಡುತ್ತಿದೆ.

ಮೊನ್ನೆ ನಿನ್ನ ಅಬಾಹ್ ಹೆಸರಿನಲ್ಲಿ ವರ್ಷದ ಕೆಂಡುರಿ ಊಟ ಮಾಡಿಸಿದೆ. ಆರು ವರ್ಷ ತುಂಬಿತು. ಪ್ರತಿ ವರ್ಷ ಹತ್ತು ಜನರನ್ನು ಕರೆದು, ಮೆಲ್ಲಗೆ ಪ್ರಾರ್ಥನೆ ಓದಿಸಿ, ಊಟ ಹಾಕಿ ಕಳಿಸಿಬಿಡುತ್ತಿದ್ದೆ. ಈ ಸಲ ಓಣಿಯನ್ನೆಲ್ಲ ಕರೆದೆ. ಕಲ್ಸೋಮ್ ಮನೆಗೆ ನಾನೇ ಹೋಗಿ ಕರೆದೆ.

ಹೆಂಗಸರೆಲ್ಲ ಬೆಳಗಿನಿಂದ ಹಿತ್ತಲಲ್ಲಿ ಅಡುಗೆಗೆ ಕೂತಿದ್ದರು, ಸುಮಾರು ಇಪ್ಪತ್ತು ಜನ. ಈರುಳ್ಳಿ ಸುಲಿಯುತ್ತಾ, ತೆಂಗಿನಕಾಯಿ ತುರಿಯುತ್ತಾ. ನಿನಗೆ ಗೊತ್ತಲ್ಲ, ಈ ಓಣಿಯಲ್ಲಿ ಯಾವ ಮಾತು ಹುಟ್ಟಿದರೂ ಅಂಥ ಹಿತ್ತಲಲ್ಲೇ ಹುಟ್ಟುತ್ತದೆ. ನಿನ್ನ ಅಬಾಹ್ ಬಗೆಗಿನ ಮಾತೂ ಅಲ್ಲೇ ಹುಟ್ಟಿದ್ದು. ಹಾಗಾಗಿ ನಾನು ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲಲ್ಲೇ ಚಾಕು ಕೆಳಗಿಟ್ಟು ಎದ್ದು ನಿಂತೆ.

ನನ್ನ ಮಗಳಿಗೆ ಲಿವರ್ ಕಾಯಿಲೆ ಇದೆ, ನನಗೂ ಇದೆ, ನಾವಿಬ್ಬರೂ ಏನು ಕುಡಿದಿದ್ದೇವೆ ಹೇಳಿ ಎಂದು ಕೇಳಿದೆ. ಎಲ್ಲರ ಕೈ ನಿಂತವು. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ, ನಿನ್ನ ಕಾಗದವನ್ನು ತೆಗೆದು ಓದಿದೆ, ಎರಡು ಗೆರೆ ಎಳೆದದ್ದನ್ನೂ ಓದಿದೆ. ನಿಮ್ಮ ಮಕ್ಕಳನ್ನೂ ತೋರಿಸಿ ಎಂದೆ. ಕಲ್ಸೋಮ್ ತಲೆ ಎತ್ತಲಿಲ್ಲ. ಆಗ ನಮಗೆಲ್ಲಿ ಗೊತ್ತಿತ್ತು ತೋನ್, ಎಲ್ಲರೂ ಹಾಗೇ ಅನ್ನುತ್ತಿದ್ದರು ಎಂದಳು.

ಅವಳನ್ನು ಬೈಯಬೇಕು ಎಂದು ಆರು ವರ್ಷದಿಂದ ಮಾತು ಕೂಡಿಟ್ಟಿದ್ದೆ. ಒಂದೂ ಬರಲಿಲ್ಲ. ಬಂದದ್ದು ಬೇರೆ.

"ನಿಂಗೆ ಗೊತ್ತಿರ್ಲಿಲ್ಲ ಕಲ್ಸೋಮ್, ಸರಿ. ಹದಿನೇಳು ವರ್ಷ ಜೊತೇಲಿ ಬಾಳಿದೋಳು ನಾನು. ಅವ್ರ ಬಟ್ಟೆ ಒಗೆದೋಳು, ಅವ್ರ ಉಸಿರು ಗೊತ್ತಿದ್ದೋಳು. ನಾನೂ ಅವ್ರನ್ನ ಕೇಳ್ದೆ, ಕುಡಿದಿದ್ರಾ ಅಂತ. ನೀವು ಓಣೀಲಿ ಆಡಿದ್ರಿ. ನಾನು ಮುಖಕ್ಕೇ ಕೇಳ್ದೆ. ತಪ್ಪು ನಂದು ದೊಡ್ಡದು."

ಆಮೇಲೆ ಯಾರೋ ಬಂದು ನನ್ನ ಕೈ ಹಿಡಿದರು, ಇನ್ನೊಬ್ಬರು ಬೆನ್ನು ಸವರಿದರು. ಕಲ್ಸೋಮ್ ಎದ್ದು ಬಂದು ನನ್ನೆದುರು ಕೂತು ನಾನು ಬಿಟ್ಟ ಈರುಳ್ಳಿಯನ್ನು ಸುಲಿಯತೊಡಗಿದಳು. ಅವಳಿಗೆ ನಾನು ಏಳು ಎನ್ನಲಿಲ್ಲ.

ಆಮೇಲೆ ಒಳಗೆ ಗಂಡಸರು ಪ್ರಾರ್ಥನೆ ಶುರುಮಾಡಿದರು. ಬಹರೋಮ್ ಬಿನ್ ಯೂಸುಫ್ ಎಂದು ಇಮಾಮರು ಹೆಸರು ಹೇಳುವಾಗ ಎಂದಿನಂತೆ ಮೆಲ್ಲಗೆ ಹೇಳಬೇಡಿ, ಹಿತ್ತಲಿಗೆ ಕೇಳಬೇಕು ಎಂದು ಮೊದಲೇ ಹೇಳಿಕಳಿಸಿದ್ದೆ. ಕೇಳಿಸಿತು. ಆಚೆ ಬೀದಿಗೂ ಕೇಳಿಸಿತಂತೆ. ಆ ಹೆಸರು ಕೇಳಿ ನಾನು ತಲೆ ತಗ್ಗಿಸದೆ ನಿಂತದ್ದು ಆರು ವರ್ಷದಲ್ಲಿ ಅದೇ ಮೊದಲು. ಎಷ್ಟು ಹೆಮ್ಮೆಯಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ ಮಗಳೇ.

ಎಲ್ಲರೆದುರು ಅದನ್ನೆಲ್ಲ ಯಾಕೆ ಒಪ್ಪಿಕೊಂಡಿರಿ ಎಂದು ನೀನು ಕೇಳಬಹುದು. ಒಬ್ಬರ ಮುಂದೆ ಹೇಳಬೇಕಿತ್ತು. ಅವರು ಇಲ್ಲ. ಅದಕ್ಕೇ ಎಲ್ಲರ ಮುಂದೆ ಹೇಳಿದೆ.

ನಿನ್ನ ಮಾಕ್,
ಬಹರೋಮ್ ಅವರ ಹೆಂಡತಿ,
ತೋನ್